ಹೊಸ ಕ್ರಾಸ್ ಕೂರುವವರೆಗೆ ಅಮ್ಮ ಹೆಗಲ ಮೇಲಿದ್ದಳು

ಮೂರು ವರ್ಷದ ಹಿಂದಿನ ಮಾಘ ಮಾಸದ ಮಾತು. ನಮ್ಮೂರ ಗುಡ್ಡದ ಮೇಲಿನ ಅಮ್ಮನ ಗುಡಿಯಲ್ಲಿ ಹೊಸ ಮೂರ್ತಿಯ ಪ್ರತಿಷ್ಠೆ ಇತ್ತು. ಹಳೆಯ ಮೂರ್ತಿಯ ಕೈ ಬಿರುಕು ಬಿಟ್ಟಿದ್ದರಿಂದ ಊರವರೆಲ್ಲ ಸೇರಿ ಮೆಣಸೆ ಕಡೆಯ ಶಿಲ್ಪಿಯೊಬ್ಬರಿಗೆ ಹೊಸದನ್ನು ಹೇಳಿದ್ದರು. ಅದನ್ನು ಅಲ್ಲಿಂದ ತಂದು ಗುಡ್ಡ ಹತ್ತಿಸುವ ಕೆಲಸ ನಮ್ಮ ಪಾಲಿಗೆ ಬಂತು. ಬೇರೆಯವರ ಪಾಲಿಗೆ ಬರುವ ಹಾಗೂ ಇರಲಿಲ್ಲ. ನಮ್ಮ ಹಿರೇಕೊಡಿಗೆ ಸುತ್ತಮುತ್ತ ಜೀಪುಗಳು ಬೇಕಾದಷ್ಟಿವೆ, ಆದರೆ ಅಷ್ಟು ಭಾರ ಹೊತ್ತು ಆ ದಾರಿ ಹತ್ತುವ ಗಾಡಿ ಎಂದರೆ ನಮ್ಮದೊಂದೇ.

ಅದು ಮಿಲಿಟರಿಯವರು ಬಳಸಿ ಬಿಟ್ಟ ಸಣ್ಣ ಲಾರಿ. ನಮ್ಮ ಮಾವನವರು ಹರಾಜಿನಲ್ಲಿ ಹಿಡಿದದ್ದು. ನಾನು ಮದುವೆಯಾಗಿ ಈ ಮನೆಗೆ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ನಾಲ್ಕು ಚಕ್ರವೂ ಎಳೆಯುವ ಗಾಡಿಯಾದ್ದರಿಂದ ಮರದ ದಿಮ್ಮಿ, ಕಲ್ಲು, ಗೊಬ್ಬರ ಎಂದು ಬೇರೆಯವರು ಆಗುವುದಿಲ್ಲ ಎಂದ ಬಾಡಿಗೆಯನ್ನೆಲ್ಲ ಮಾಡಿಕೊಂಡು ಇಷ್ಟು ವರ್ಷ ನಮ್ಮ ಮನೆ ನಡೆಸಿದೆ. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬರುವಾಗ ಅದರ ಮೂತಿಗೂ ಒಂದು ಹೂವು ಇಡದೆ ನಾನು ಒಳಗೆ ಹೋದವಳಲ್ಲ.

ಅದರ ಹೊಟ್ಟೆಯಡಿಯಲ್ಲಿ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಒಂದು ಉದ್ದನೆಯ ಕಬ್ಬಿಣದ ಶಾಫ್ಟ್ ಹೋಗುತ್ತದೆ. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಮುಟ್ಟುವುದು ಅದರಿಂದ. ದಾರಿ ಏರಿಳಿದಾಗ ಶಾಫ್ಟ್ ಬಾಗಿಕೊಂಡೇ ತಿರುಗಬೇಕಲ್ಲ, ಅದಕ್ಕಾಗಿ ಅದರ ತುದಿಯಲ್ಲಿ ನಮ್ಮ ಮಣಿಕಟ್ಟಿನ ಹಾಗೆ ಒಂದು ಜಾಯಿಂಟು. ನಮ್ಮ ಗಾಡಿಯದ್ದು ತೀರಾ ಹಳೇ ಕಾಲದ ಜಾಯಿಂಟು. ಅದರ ಬಿಡಿ ಸಾಮಾನು ಈಗ ಎಲ್ಲಿಯೂ ಬರುವುದಿಲ್ಲ. ಕೊಪ್ಪದ ಗ್ಯಾರೇಜಿನವರು, "ಸುಬ್ಬಣ್ಣ, ಇದನ್ನ ಬಿಚ್ಚಿ ಶೋಕೇಸಲ್ಲಿ ಇಡಿ. ಗಾಡಿಗೆ ಈಗಿನ ನಮೂನೆ ಕ್ರಾಸ್ ಜಾಯಿಂಟ್ ಹಾಕಿ" ಎಂದು ಬೈದು, ನಮ್ಮ ಶಾಫ್ಟಿಗೆ ಹೊಂದುವ ಹಾಗೆ ಲೇತಿನಲ್ಲಿ ಒಂದು ಜೋಡಣೆಯ ತುಂಡು ಮಾಡಿಸಿ, ಹೊಸ ಕ್ರಾಸನ್ನೂ ತರಿಸಿ ಕೊಟ್ಟಿದ್ದರು. ದೀಪಾವಳಿಯಿಂದ ಅದು ಡ್ರೈವರ್ ಸೀಟಿನ ಹಿಂದೆ ಡಬ್ಬದಲ್ಲಿ ಬಿದ್ದಿತ್ತು. ನಮ್ಮನೆಯವರದ್ದು ಒಂದೇ ಮಾತು: "ಇನ್ನೊಂದು ಟ್ರಿಪ್ ಆಗ್ಲಿ, ಹಾಕ್ಸುವ."

ಆ ದಿನ ಬೆಳಿಗ್ಗೆ ಶಿಲ್ಪಿಗಳ ಕೊಟ್ಟಿಗೆಯಲ್ಲಿ ಪೂಜೆಯಾಯಿತು. ಅಮ್ಮನ ಮೂರ್ತಿಯನ್ನು ಪೀಠದ ಸಮೇತ ಮರದ ಚೌಕಟ್ಟಿಗೆ ಕಟ್ಟಿ, ಹುಲ್ಲು ಹಾಸಿ, ಕಂಬಳಿ ಹೊದೆಸಿ ಗಾಡಿಗೆ ಏರಿಸಿದರು. ನಾಲ್ಕು ಕ್ವಿಂಟಲ್‌ಗೆ ಕಡಿಮೆ ಇಲ್ಲ ಎಂದರು. ಹಿಂದೆ ಅಮ್ಮನನ್ನು ಹಿಡಿದುಕೊಳ್ಳಲು ಊರಿನ ನಾಲ್ಕು ಗಂಡಸರು. ಮುಂದೆ ನಮ್ಮನೆಯವರು, ಗುಡಿಯ ಪೂಜೆಯ ಭಟ್ಟರು, ಹೂವಿನ ಬುಟ್ಟಿ ಹಿಡಿದ ನಾನು. ಹೊರಡುವ ಮೊದಲು ಭಟ್ಟರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಎದ್ದ ಮೇಲೆ ಅಮ್ಮ ಕೂತ್ಕೊಳ್ಳೋದು ಗುಡಿಯಲ್ಲೇ. ದಾರಿಯಲ್ಲಿ ಈ ಗಾಡಿ, ಇಲ್ಲಾಂದ್ರೆ ಮನುಷ್ಯರ ಹೆಗಲು. ಬೆಂಚು, ಮೇಜು, ಬೇರೆ ಗಾಡಿ ಯಾವುದೂ ಆಗೋದಿಲ್ಲ. ನಮ್ಮಲ್ಲಿ ಹಿಂದಿನಿಂದ ನಡ್ಕೊಂಡು ಬಂದ ಕ್ರಮ. ನಾಳೆ ಪ್ರತಿಷ್ಠೆ, ಇವತ್ತು ಹೊತ್ತು ಮುಳುಗೋದ್ರೊಳಗೆ ಜಲಾಧಿವಾಸಕ್ಕೆ ಅಮ್ಮನ್ನ ನೀರಲ್ಲಿ ಮಲಗಿಸಬೇಕು, ನೆನಪಿರಲಿ."

ಶೃಂಗೇರಿ ದಾಟಿ ಕೊಪ್ಪದ ದಾರಿಯಲ್ಲಿ ಬರುವಾಗ ಜನ ಅಲ್ಲಲ್ಲಿ ನಿಂತು ಕೈ ಮುಗಿದರು. ಟಾರು ರಸ್ತೆ ಬಿಟ್ಟು ಗುಡ್ಡದ ಮಣ್ಣಿನ ದಾರಿಗೆ ತಿರುಗುವವರೆಗೂ ಏನೂ ತೊಂದರೆ ಇರಲಿಲ್ಲ. ಅರ್ಧ ಏರು ಹತ್ತಿರಬಹುದು, ಕೆಳಗಿನಿಂದ ಕಟಕಟ ಎಂದು ಸದ್ದು ಶುರುವಾಯಿತು. ನಮ್ಮನೆಯವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಮುಂದೆ ಹತ್ತು ಮಾರು ಹೋಗುವುದರೊಳಗೆ ಯಾರೋ ಸುತ್ತಿಗೆಯಿಂದ ತಳಕ್ಕೆ ಬಡಿದ ಹಾಗೆ ಕೇಳಿಸಿ ಗಾಡಿ ನಿಂತಿತು.

ಮುಂದಿನ ಚಕ್ರಗಳಿಂದಲೇ ಎಳೆಸಲು ನೋಡಿದರು. ಭಾರವೆಲ್ಲ ಹಿಂದೆ. ಮುಂದಿನ ಚಕ್ರ ಕೋಳಿ ಕೆರೆದ ಹಾಗೆ ಮಣ್ಣು ಕೆರೆಯಿತೇ ಹೊರತು ಗಾಡಿ ಒಂದು ಗೇಣೂ ಹೋಗಲಿಲ್ಲ.

ದಾರಿಯ ಪಕ್ಕದಲ್ಲೇ ಒಂದು ಶುಂಠಿ ಹೊಲ. ಗುತ್ತಿಗೆಗೆ ಮಾಡಿದ್ದು, ಕೀಳುವ ಕೆಲಸ ನಡೆದಿತ್ತು. ಅಲ್ಲಿಂದ ಒಬ್ಬರು ಕೈ ಬೀಸುತ್ತ ಓಡಿ ಬಂದರು. ಐವತ್ತು ದಾಟಿದ ಪ್ರಾಯ, ಮೊಣಕಾಲವರೆಗೆ ಕೆಂಪು ಮಣ್ಣು. "ಎಂಜಿನ್ ಆಫ್ ಮಾಡಿ, ಆಫ್ ಮಾಡಿ! ಕೆಳಗೆ ಶಾಫ್ಟ್ ಹೊಡ್ಕೊಳ್ತಾ ಉಂಟು!" ಎಂದರು. ಅವರೇ ವರ್ಗೀಸ್, ಆ ಶುಂಠಿಯ ಗುತ್ತಿಗೆದಾರರು. ಮನೆ ಎನ್.ಆರ್. ಪುರದ ಮುತ್ತಿನಕೊಪ್ಪದಲ್ಲಂತೆ. ಶುಂಠಿಗೆ ಕೈ ಹಾಕುವ ಮೊದಲು ಇಪ್ಪತ್ತು ವರ್ಷ ಜೀಪು ರಿಪೇರಿ ಮಾಡಿದವರು.

ಅವರು ಬಗ್ಗಿ ನೋಡಿ, "ಜಾಯಿಂಟ್ ಹೋಯ್ತು. ಇದರ ಸಾಮಾನು ಎಲ್ಲಿ ಸಿಗ್ತದೆ ಇನ್ನು?" ಎಂದರು.

"ಹೊಸ ನಮೂನೆದು ಸೀಟಿನ ಹಿಂದೆ ಇದೆ" ಎಂದರು ನಮ್ಮನೆಯವರು.

ವರ್ಗೀಸ್ ನಮ್ಮನೆಯವರನ್ನು ದಿಟ್ಟಿಸಿದರು. "ಸೀಟಿನ ಹಿಂದೆ ಇಟ್ಟುಕೊಂಡು ಸುತ್ತಾಡಿದ್ರಾ? ಒಳ್ಳೇ ಮನುಷ್ಯ ಮಾರಾಯ್ರೆ ನೀವು! ಹಸಿವಾದ್ರೆ ಬುತ್ತಿ ಹೊತ್ಕೊಂಡು ಮನೆಗೆ ಹೋಗ್ತೀರೋ ಎಂತ?"

ಹಿಂದೆ ನಿಂತವರು ನಕ್ಕರು. ನಮ್ಮನೆಯವರಿಗೆ ನಗು ಬರಲಿಲ್ಲ. ಹಿಂದಿನ ಚಕ್ರಗಳಿಗೆ ಎರಡು ಕಲ್ಲು ಕೊಟ್ಟು, ಪಾನಾ ಹಿಡಿದು, ಅಂಗಾತ ಮಲಗಿ ಗಾಡಿಯ ಕೆಳಗೆ ಸರಿಯತೊಡಗಿದರು. ವರ್ಗೀಸ್ ಇವರ ಕಾಲು ಹಿಡಿದುಕೊಂಡುಬಿಟ್ಟರು.

"ಮೇಲೆ ಎಂತ ಲೋಡು?"

"ಲೋಡಲ್ಲ. ಅಮ್ಮ. ನಾಲ್ಕು ಕ್ವಿಂಟಲ್."

"ಅಮ್ಮನ್ನ ಇಳಿಸಿ ಆಮೇಲೆ ಹೋಗಿ."

"ಇಳಿಸೋ ಹಾಗಿಲ್ಲ. ಕ್ರಮ ಇಲ್ಲ."

ವರ್ಗೀಸ್ ನನ್ನ ಕಡೆ ತಿರುಗಿ ಮಲಯಾಳದಲ್ಲಿ ಅಕ್ಕ ಎಂದು ಕರೆದರು. "ಚೇಚಿ, ನಿಮ್ಮ ಯಜಮಾನ್ರಾ ಇವರು? ಹಾಗಾದ್ರೆ ನೀವು ಕೇಳಿ. ಈ ಹಳೇ ಗಾಡಿಗಳ ಹ್ಯಾಂಡ್ ಬ್ರೇಕ್ ಚಕ್ರದಲ್ಲಿ ಇರೋದಿಲ್ಲ. ಗೇರ್ ಬಾಕ್ಸಿನ ಬುಡದಲ್ಲಿ ಈ ಶಾಫ್ಟನ್ನೇ ಹಿಡಿದು ನಿಲ್ಲಿಸೋದು. ಶಾಫ್ಟ್ ಬಿಚ್ಚಿದ್ರೆ ಹಿಂದಿನ ಚಕ್ರಕ್ಕೆ ಗೇರೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಮುಂದಿನ ಚಕ್ರ ಒಂದೇ ಹಿಡಿಬೇಕು. ಅದು ಆಗಲೇ ಜಾರಿದ್ದು ನೀವೂ ನೋಡಿದ್ರಿ. ಈ ಪುಡಿ ಮಣ್ಣಲ್ಲಿ ನಾಲ್ಕು ಕ್ವಿಂಟಲ್ ನೂಕಿದ್ರೆ ಕಲ್ಲೂ ಜಾರ್ತದೆ. ಅಷ್ಟೊತ್ತಿಗೆ ಇವರು ಎಲ್ಲಿರ್ತಾರೆ? ಅಡಿಯಲ್ಲಿ."

"ಅಮ್ಮನ ಕೆಲಸ ಮಾರಾಯ್ರೆ, ಅಮ್ಮನೇ ನೋಡ್ಕೊಳ್ತಾಳೆ. ಕಾಲು ಬಿಡಿ" ಎಂದರು ಇವರು ಕೆಳಗಿನಿಂದಲೇ.

ಬೇರೆ ದಿನವಾಗಿದ್ದರೆ ನಾನೂ ಅದೇ ಮಾತು ಹೇಳುತ್ತಿದ್ದೆ. ದಿನಕ್ಕೆ ಹತ್ತು ಸಲ ಹೇಳುವ ಮಾತೇ ಅದು. ಹಾಲು ಉಕ್ಕುವ ಮೊದಲು ನೋಡಿದರೆ ಅಮ್ಮ ನೋಡಿಕೊಂಡಳು, ಬಸ್ಸು ಸಿಕ್ಕರೆ ಅಮ್ಮ ನೋಡಿಕೊಂಡಳು. ಆದರೆ ಗಾಡಿಯಿಂದ ಹೊರಗೆ ಚಾಚಿದ್ದ ಇವರ ಎರಡು ಕಾಲು ಮಾತ್ರ ನನಗೆ ಆಗ ಕಾಣುತ್ತಿತ್ತು. ಕಂಬಳಿ ಹೊದ್ದ ಅಮ್ಮ ಅದರ ನೇರ ಮೇಲೆ. ಭಟ್ಟರ ಎದುರು ಒಂದು ದಿನವೂ ಗಟ್ಟಿಯಾಗಿ ಮಾತಾಡಿದವಳಲ್ಲ. ಆವತ್ತು ಅವರ ಎದುರು ಹೋಗಿ ನಿಂತು, "ಭಟ್ರೆ, ಅಮ್ಮ ಇಳಿಯೋ ತನಕ ಇವರು ಕೆಳಗೆ ಹೋಗೋದಿಲ್ಲ. ನಾನು ಬಿಡೋದಿಲ್ಲ. ಅದರಿಂದ ಬಂದ ಪಾಪ ನನಗಿರಲಿ" ಎಂದುಬಿಟ್ಟೆ.

ಭಟ್ಟರು ಬೈಯಲಿಲ್ಲ. ಏರನ್ನೊಮ್ಮೆ, ಇಳಿಜಾರನ್ನೊಮ್ಮೆ ನೋಡಿದರು. "ಹೆಗಲ ಮೇಲೆ ಇಳಿಸ್ಬಹುದು ಲಲಿತಕ್ಕ. ಅದಕ್ಕೆ ದೋಷ ಇಲ್ಲ. ಹೆಗಲು ಎಲ್ಲಿದೆ? ಇರೋದು ನಾಲ್ಕು ಜನ, ನಾನೊಬ್ಬ ಮುದುಕ" ಎಂದರು.

ಊರವರೆಲ್ಲ ಗುಡ್ಡದ ನೆತ್ತಿಯಲ್ಲಿ ಚಪ್ಪರದ ಕೆಲಸದಲ್ಲಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಯಾರಾದರೂ ಹತ್ತಿ ಹೋಗಿ ಜನ ಕರೆದುಕೊಂಡು ಬರಬೇಕೆಂದರೆ ಮೂರು ಗಂಟೆ ಬೇಕು. ಆಮೇಲೆ ಕೆಲಸ ಶುರುಮಾಡಿದರೆ ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆಂಬ ಧೈರ್ಯ ವರ್ಗೀಸರಿಗಿರಲಿಲ್ಲ. ಆದರೂ ಆಗಲಿ ಎಂದು ನಮ್ಮ ನಾಲ್ವರಲ್ಲಿ ಒಬ್ಬರು ಹೊರಟರು.

ಆಗ ಹೊಲದ ಅಂಚಿನಿಂದ ಒಂದು ಧ್ವನಿ ಬಂತು. "ನಾವದೀವಲ್ರೀ ಅಜ್ಜಾರ."

ಶುಂಠಿ ಕೀಳುವವರು ಕೆಲಸ ಬಿಟ್ಟು ಬಂದು ಸಾಲಾಗಿ ನಿಂತಿದ್ದರು. ಗಂಡಸರು ಹೆಂಗಸರು ಸೇರಿ ಹದಿನಾಲ್ಕು ಜನ. ಎಲ್ಲ ಹಾವೇರಿ ಕಡೆಯಿಂದ ಕೆಲಸಕ್ಕೆ ಬಂದವರು. ಮಾತಾಡಿದವಳು ನನ್ನಷ್ಟೇ ವಯಸ್ಸಿನ ಹೆಂಗಸು, ತಲೆಗೆ ಟವೆಲ್ ಸುತ್ತಿದ್ದಳು. ಅವಳ ಹೆಸರು ಯಲ್ಲಮ್ಮ ಎಂದು ಆಮೇಲೆ ತಿಳಿಯಿತು. ಎರಡು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತು, "ನಾವು ಮುಟ್ಟಬಹುದೇನ್ರೀ?" ಎಂದು ಕೇಳಿದಳು.

ಅವಳು ಏನು ಕೇಳುತ್ತಿದ್ದಾಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಭಟ್ಟರ ಮುಖ ನೋಡುವುದಕ್ಕೆ ಹೆದರಿ ಅವರ ಕಾಲಿನ ಕಡೆ ನೋಡುತ್ತಿದ್ದೆ.

ಭಟ್ಟರು ಮೂರ್ತಿಯ ಕಡೆ ಕೈ ತೋರಿಸಿ, "ಶಿಲ್ಪಿ ಉಳಿ ಇಟ್ಟು ಹೊಡೆದಿದ್ದಾನೆ, ಕಾಲಲ್ಲಿ ಒತ್ತಿ ಹಿಡಿದಿದ್ದಾನೆ. ಪ್ರಾಣ ಪ್ರತಿಷ್ಠೆ ಆಗೋದು ನಾಳೆ. ಇವತ್ತು ಇದು ಕಲ್ಲು. ಯಾರು ಮುಟ್ಟಿದ್ರೂ ಎಂತದೂ ಇಲ್ಲ, ಬಾ ತಂಗಿ" ಎಂದರು.

ವರ್ಗೀಸ್ ಬಾಯಿ ಸುಮ್ಮನಿರಬೇಕಲ್ಲ. "ಇವತ್ತು ಕಲ್ಲಾದ್ರೆ ಕೆಳಗೇ ಇಡ್ಬಹುದಲ್ಲ ಭಟ್ರೆ?"

"ಅದು ಬೇರೆ, ಇದು ಬೇರೆ! ನೀವು ಗಾಡಿ ನೋಡಿ ಮಾರಾಯ್ರೆ" ಎಂದು ಭಟ್ಟರು ರೇಗಿದರು. ಎಲ್ಲರಿಗೂ ನಗು ಬಂತು. ಭಟ್ಟರಿಗೂ ಬಂತು, ತೋರಿಸಿಕೊಳ್ಳಲಿಲ್ಲ.

ಶುಂಠಿ ಹೊಲದವರ ಶೆಡ್ಡಿನಿಂದ ಎರಡು ಉದ್ದನೆಯ ಬಿದಿರು ತಂದರು. ಚೌಕಟ್ಟಿಗೆ ಹಗ್ಗ ಬಿಗಿದು, ಅಡ್ಡ ಗಳ ಕಟ್ಟಿ, "ಹೋ" ಎಂದು ಕೂಗಿ ಒಂದೇ ಸಲಕ್ಕೆ ಎತ್ತಿದರು. ಹತ್ತು ಜನ ಹೆಗಲು ಕೊಟ್ಟು ದಾರಿಯ ಪಕ್ಕ ಹೊಲದ ಸಮತಟ್ಟು ಜಾಗದಲ್ಲಿ ನಿಂತರು. ಉಳಿದವರು ಹಿಂದೆ ತಯಾರು. ಹೀಗೇ ಹೊತ್ತುಕೊಂಡು ಗುಡಿಗೆ ಹೋಗಿಬಿಡೋಣವೇ ಎಂದು ಒಬ್ಬ ಕೇಳಿದ. ಆ ಕಡಿದಾದ ಏರಿನಲ್ಲಿ ಒಬ್ಬರ ಕಾಲು ಜಾರಿದರೆ ಹತ್ತು ಜನವೂ ಕಲ್ಲಿನ ಅಡಿಯಾಗುತ್ತಾರೆ ಎಂದು ಭಟ್ಟರು ಬೇಡವೆಂದರು. ನಿಲ್ಲುವುದು, ಅಷ್ಟೇ. ಕ್ರಾಸ್ ಕೂರುವವರೆಗೆ ನಿಲ್ಲುವುದು.

ಈಗ ಇವರೂ ವರ್ಗೀಸರೂ ಗಾಡಿಯ ಕೆಳಗೆ ಹೋದರು. ನಾಲ್ಕು ಚಕ್ರಕ್ಕೂ ದೊಡ್ಡ ಕಲ್ಲು ಕೊಟ್ಟಾಗಿತ್ತು. ಬೋಲ್ಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಒಂದೊಂದಕ್ಕೂ ಡೀಸೆಲ್ ಹನಿಸಿ, ಬಡಿದು, ತಿರುಗಿಸಿ ಬಿಡಿಸುತ್ತಿದ್ದರು. ಕೊನೆಯ ಬೋಲ್ಟು ಬರುವಾಗ ವರ್ಗೀಸ್, "ಸುಬ್ಬಣ್ಣ, ಈ ಬದಿಗೆ ಬನ್ನಿ, ಚಕ್ರದ ಸಾಲಿನಲ್ಲಿ ಇರಬೇಡಿ" ಎಂದದ್ದು ಕೇಳಿಸಿತು. ಶಾಫ್ಟ್ ಕಳಚಿದ ಸದ್ದು, ಅದರ ಹಿಂದೆಯೇ ಗಾಡಿ ಹಿಂದಕ್ಕೆ ಹೋಯಿತು.

ಖಾಲಿ ಗಾಡಿ. ಕಲ್ಲುಗಳನ್ನು ನೂಕಿಕೊಂಡು ಒಂದು ಮೊಳ ಜಾರಿ, ದಾರಿಯ ಬದಿಯ ಗುಂಡಿಗೆ ಕಲ್ಲು ಸಿಕ್ಕಿ ನಿಂತಿತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಇವರು ಇನ್ನೊಂದು ಬದಿಯಿಂದ ವರ್ಗೀಸರ ಹಿಂದೆ ತೆವಳಿಕೊಂಡು ಹೊರಗೆ ಬಂದರು. ಎದ್ದು ನಿಂತು, ತಾವು ಮೊದಲು ಮಲಗಿದ್ದ ಜಾಗ ನೋಡಿದರು. ಹಿಂದಿನ ಚಕ್ರ ಆ ಜಾಗದ ಅರ್ಧಕ್ಕೆ ಬಂದು ನಿಂತಿತ್ತು. ನಾಲ್ಕು ಕ್ವಿಂಟಲ್ ಮೇಲೆ ಇದ್ದಿದ್ದರೆ ಆ ಗುಂಡಿ ಅದನ್ನು ತಡೆಯುತ್ತಿರಲಿಲ್ಲ ಎನ್ನುವುದು ಅಲ್ಲಿದ್ದವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇವರು ನನ್ನ ಕಡೆ ನೋಡಿ, "ಸ್ವಲ್ಪ ನೀರು ಕೊಡೆ" ಎಂದರು, ಅಷ್ಟೇ. ನೀರು ಕುಡಿಯುವಾಗ ಚೊಂಬು ಹಲ್ಲಿಗೆ ತಾಗಿ ಟಕಟಕ ಎನ್ನುತ್ತಿತ್ತು.

ಶಾಫ್ಟನ್ನು ಹೊರಗೆ ತಂದು ಗೋಣಿಯ ಮೇಲೆ ಇಟ್ಟರು. ವರ್ಗೀಸ್ ಹಳೆಯ ಜಾಯಿಂಟನ್ನು ಒರೆಸುತ್ತ ಒರೆಸುತ್ತ ನಿಲ್ಲಿಸಿ, ಗ್ರೀಸ್ ಹೊಡೆಯುವ ಸಣ್ಣ ಮೂತಿಯನ್ನು ಮೊಳೆಯಿಂದ ಕೆರೆದರು. ಕೆಂಪು, ಹಳದಿ, ಬಿಳಿ ಪದರ ಪದರವಾಗಿ ಗಟ್ಟಿಯಾದದ್ದು ಉದುರಿತು. "ಇದೆಂತದು? ಗ್ರೀಸಾ, ಪ್ರಸಾದವಾ?" ಎಂದರು.

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಪ್ರತಿ ವರ್ಷ ಆಯುಧಪೂಜೆಗೆ ಚಾಪೆ ಹಾಸಿ ಗಾಡಿಯ ಕೆಳಗೆ ನುಗ್ಗಿ, ಕಪ್ಪು ಜಿಡ್ಡನ್ನೆಲ್ಲ ಸೀಗೆಪುಡಿ ಹಾಕಿ ತಿಕ್ಕಿ, ಗಂಧ ಕುಂಕುಮ ಹಚ್ಚುವವಳು ನಾನೇ. ಆ ಮೂತಿ ನೋಡಲು ಪುಟ್ಟ ಲಿಂಗದ ಹಾಗೆ ಇದೆ. ಅದಕ್ಕೆ ಉಳಿದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಚ್ಚುತ್ತಿದ್ದೆ.

"ನಾನೇ ಹಚ್ಚಿದ್ದು" ಎಂದೆ.

"ಅದಕ್ಕೇ ಗ್ರೀಸ್ ಗನ್ ಹೊಡೆದಾಗೆಲ್ಲ ಗ್ರೀಸ್ ಹೊರಗೇ ಬರ್ತಿತ್ತು! ಒಳಗೆ ತುಂಬಿದೆ ಅಂದ್ಕೊಂಡಿದ್ನಲ್ಲ ನಾನು" ಎಂದು ಇವರು ಹಣೆ ಚಚ್ಚಿಕೊಂಡರು. ಬಿದಿರಿನ ಅಡಿಯಿಂದ ಭಟ್ಟರ ಧ್ವನಿ ಬಂತು: "ಹೆಂಡತಿ ಪೂಜೆ ಮಾಡಿ ಮುಚ್ಚಿದಳು, ಗಂಡ ನೋಡದೆ ಬಿಟ್ಟ. ಒಳ್ಳೇ ಜೋಡಿ. ಬೇಗ ಆಗ್ಲಿ ಮಾರಾಯ್ರೆ, ಇಲ್ಲಿ ಹೆಗಲು ಹೋಗ್ತಾ ಇದೆ!"

ತಿರುಗಿ ನೋಡಿದರೆ ಭಟ್ಟರೂ ಹೆಗಲು ಕೊಟ್ಟಿದ್ದರು. ಯಾವಾಗ ಹೋಗಿ ನಿಂತರೋ ನಾನು ಕಂಡಿರಲಿಲ್ಲ.

ಹೊಸ ಕ್ರಾಸ್ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಗಣಿತದ ಕೂಡುವ ಚಿಹ್ನೆಯ ಹಾಗಿರುವ ಉಕ್ಕು. ಅದರ ನಾಲ್ಕು ತುದಿಗೂ ನಾಲ್ಕು ಟೋಪಿ. ಒಂದೊಂದು ಟೋಪಿಯ ಒಳಗೂ ಸೂಜಿಯಂಥ ಸಣ್ಣ ಕಡ್ಡಿಗಳು ಸುತ್ತಲೂ ಒತ್ತಾಗಿ ನಿಂತಿರುತ್ತವೆ. ಮೂರು ಟೋಪಿ ಕೂತವು. ನಾಲ್ಕನೆಯದು ಕೂರಿಸುವಾಗ ಇವರ ಗ್ರೀಸ್ ಕೈಯಿಂದ ಜಾರಿ ಬಿತ್ತು. ಕಡ್ಡಿಗಳೆಲ್ಲ ಶುಂಠಿ ಹೊಲದ ಮಣ್ಣಿನಲ್ಲಿ ಚೆಲ್ಲಿಹೋದವು.

"ಯಾರೂ ಹೆಜ್ಜೆ ಇಡಬೇಡಿ!" ಎಂದು ವರ್ಗೀಸ್ ಕೂಗಿದರು. "ಒಂದು ಕಡಿಮೆ ಆದ್ರೂ ಇದು ಮತ್ತೆ ದಾರಿಯಲ್ಲೇ ಕೈಕೊಡ್ತದೆ. ಇಪ್ಪತ್ತನಾಲ್ಕು ಬೇಕು."

ನಾನು ಕೂತೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಮದುವೆಗೆ ಮೊದಲಿನಿಂದ ಮಾಡಿದ್ದೇನೆ. ಮಣ್ಣನ್ನು ಬೊಗಸೆ ಬೊಗಸೆಯಾಗಿ ಮೊರಕ್ಕೆ ಹಾಕಿಕೊಂಡು, ಅವರ ಶೆಡ್ಡಿನದ್ದೇ ಮೊರ ಅದು, ಕೇರಿ ಕೇರಿ ಆರಿಸಿದೆ. ಒಂದೊಂದನ್ನೂ ಡೀಸೆಲಿನಲ್ಲಿ ತೊಳೆದು ಬಾಳೆ ಎಲೆಯ ಮೇಲೆ ಇಡುತ್ತ ಹೋದೆ. ನನ್ನ ಹಿಂದೆ ಹತ್ತು ಜನರ ಉಸಿರು ಕೇಳುತ್ತಿತ್ತು. ಮೊದಮೊದಲು ಅವರು ಹಾಡು ಹೇಳಿಕೊಂಡು, ತಮಾಷೆ ಮಾಡಿಕೊಂಡು ನಿಂತಿದ್ದರು. ಈಗ ಮಾತಿಲ್ಲ. ಬರೀ ಉಸಿರು, ನಡುವೆ ಬಿದಿರಿನ ಕಿರುಗುಟ್ಟುವಿಕೆ. ಜನ ಬದಲಾಗುವಾಗ "ನಾ ಬಂದೆ", "ಬಿಡು ನೀ" ಎಂಬ ಎರಡು ಮಾತು. ಒಂದು ಕಡ್ಡಿ ಹುಡುಕಲು ನನಗೆ ಹಿಡಿಯುವ ಪ್ರತಿ ನಿಮಿಷವೂ ಅವರ ಹೆಗಲ ಮೇಲೆ ಹೋಗುತ್ತಿದೆ ಎಂದು ನೆನೆದು ನನ್ನ ಬಾಯಲ್ಲಿದ್ದ 'ಅಮ್ಮಾ ಅಮ್ಮಾ' ಕೂಡ ನಿಂತುಹೋಯಿತು. ಬರೀ ಎಣಿಸುತ್ತಿದ್ದೆ.

ಇಪ್ಪತ್ತಮೂರು ಸಿಕ್ಕಿತು. ಇನ್ನೊಂದು ಇಲ್ಲ. ಮಣ್ಣನ್ನು ಎರಡು ಸಲ ಕೇರಿದೆ, ಸೆರಗು ಕೊಡವಿದೆ, ಗೋಣಿ ಕೊಡವಿದೆ. ಅಳು ಬರುವುದೊಂದು ಬಾಕಿ. ಆಗ ಬಿದಿರಿನ ಅಡಿಯಿಂದ ಯಲ್ಲಮ್ಮ, "ಅಕ್ಕಾರ, ನಿಮ್ಮ ಯಜಮಾನರ ಮೊಣಕೈ ನೋಡ್ರಿ. ಏನೋ ಹೊಳ್ಯಾಕತ್ತೈತಿ" ಎಂದಳು. ನೋಡಿದರೆ ಇವರ ಮೊಣಕೈಯ ಗ್ರೀಸಿಗೆ ಅಂಟಿಕೊಂಡು ಕೂತಿದೆ! ಅಷ್ಟು ಭಾರ ಹೊತ್ತುಕೊಂಡು ನಿಂತವಳು ಅಷ್ಟು ದೂರದಿಂದ ಅದನ್ನು ಕಂಡಳು. ಪಕ್ಕದಲ್ಲೇ ಕೂತ ನನಗೆ ಕಂಡಿರಲಿಲ್ಲ.

ಗ್ರೀಸ್ ಸವರಿ ಇಪ್ಪತ್ತನಾಲ್ಕನ್ನೂ ಟೋಪಿಯೊಳಗೆ ಸುತ್ತಲೂ ನಿಲ್ಲಿಸಿದೆ. ವರ್ಗೀಸ್ ಅದನ್ನು ತೆಗೆದುಕೊಂಡು, ಸಣ್ಣ ಸುತ್ತಿಗೆಯಿಂದ ಮೆಲ್ಲ ಮೆಲ್ಲ ತಟ್ಟಿ ಕೂರಿಸಿದರು. ಇನ್ನು ಶಾಫ್ಟನ್ನು ಮೇಲೆ ಏರಿಸಿ ಬೋಲ್ಟು ಹಾಕುವುದು.

ಅದಕ್ಕೆ ಒಂದು ಕಡೆಯ ಚಕ್ರ ಜಾಕ್ ಕೊಟ್ಟು ಎತ್ತಬೇಕು, ಶಾಫ್ಟ್ ತಿರುಗಿಸಿ ತೂತಿಗೆ ತೂತು ಹೊಂದಿಸಬೇಕು, ಅವಸರ ಮಾಡುವ ಹಾಗಿಲ್ಲ. ಇವರಿಬ್ಬರೂ ಮತ್ತೆ ಕೆಳಗೆ ಹೋದರು. ಅಷ್ಟರಲ್ಲಿ ಹೊತ್ತವರ ಸಾಲಿನಲ್ಲಿ ಒಬ್ಬ ಹೆಂಗಸಿನ ಕಾಲು ನಡುಗತೊಡಗಿತು. ಬದಲಿಗೆ ಇದ್ದವರೂ ಆಗಷ್ಟೇ ಹೆಗಲು ಬಿಟ್ಟು ನೆಲಕ್ಕೆ ಕೂತಿದ್ದರು. ನಾನು ಹೋಗಿ ಅವಳ ಜಾಗಕ್ಕೆ ಹೆಗಲು ಕೊಟ್ಟೆ. ನನ್ನ ಮುಂದೆ ಯಲ್ಲಮ್ಮ, ಅವಳಿಗೆ ಹೆಗಲು ತಾಗಿಸಿಕೊಂಡು ಅಡ್ಡ ಗಳಕ್ಕೆ ಭಟ್ಟರು.

ಅದು ಎಂಥ ಭಾರ ಎಂದು ನಾನು ಹೇಗೆ ಬರೆಯಲಿ. ಬಿದಿರು ಹೆಗಲಿಗೆ ಕೂತ ಕೂಡಲೇ ಕಣ್ಣು ಕತ್ತಲೆ ಬಂತು. ಇದನ್ನು ಈ ಜನ ಎರಡು ಗಂಟೆಯಿಂದ ಹೊತ್ತು ನಿಂತಿದ್ದಾರೆ! ಅವರ ಊರಿನ ದೇವರಲ್ಲ, ಅವರ ಗಾಡಿಯಲ್ಲ, ಕೆಳಗೆ ಮಲಗಿದವರು ಅವರಿಗೆ ಏನೂ ಆಗಬೇಕಾದವರಲ್ಲ. ನಾನು ಹುಟ್ಟಿದಾಗಿನಿಂದ ಅಮ್ಮನಿಗೆ ಕೈ ಮುಗಿದಿದ್ದೇನೆ, ನೈವೇದ್ಯ ಮಾಡಿದ್ದೇನೆ, ಉಪವಾಸ ಇದ್ದಿದ್ದೇನೆ. ಅಮ್ಮನ ಭಾರ ಎಷ್ಟೆಂದು ಗೊತ್ತಾದದ್ದು ಅವತ್ತೇ. ಮಡಿಯಲ್ಲಿದ್ದಾಗ ನಾವು ನಾಲ್ಕು ಮಾರು ದೂರ ನಿಲ್ಲಬೇಕಾದ ಭಟ್ಟರ ಬೆವರು ಯಲ್ಲಮ್ಮನ ಬೆವರಿಗೆ ಸೇರಿ ಇಳಿಯುತ್ತಿತ್ತು. ಇಬ್ಬರಿಗೂ ಅದರ ಕಡೆ ಗಮನವೇ ಇರಲಿಲ್ಲ. ಒಬ್ಬರು ಉಸಿರು ಎಳೆದರೆ ಬಿದಿರು ಸ್ವಲ್ಪ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಹತ್ತು ಜನರ ಉಸಿರೂ ಒಂದೇ ಆಯಿತು. ಆಗ ನನ್ನ ಕಣ್ಣೆದುರಿಗೇ ಅಮ್ಮ, ಕಂಬಳಿಯೊಳಗೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಉಸಿರಾಡುತ್ತಿದ್ದಾಳೆ! ಪ್ರಾಣ ಪ್ರತಿಷ್ಠೆ ನಾಳೆ ಎಂದು ಭಟ್ಟರು ಹೇಳಿದ್ದರು. ನನಗೆ ರೋಮ ಎದ್ದು ನಿಂತಿತು.

"ಆಯ್ತು!" ಎಂದು ಗಾಡಿಯಡಿಯಿಂದ ವರ್ಗೀಸ್ ಕೂಗಿದರು.

ಇವರು ಎಂಜಿನ್ ಶುರು ಮಾಡಿ, ಒಂದು ಮಾರು ಮುಂದೆ ಎಳೆಸಿ, ನಿಲ್ಲಿಸಿ ನೋಡಿದರು. ಸದ್ದಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯಿತು. ಅಮ್ಮನನ್ನು ಮತ್ತೆ "ಹೋ" ಎಂದು ಏರಿಸಿದರು. ಬಿದಿರು ಬಿಟ್ಟ ಮೇಲೆ ಹದಿನಾಲ್ಕು ಜನವೂ ಹೊಲದಲ್ಲಿ ಎಲ್ಲೆಂದರಲ್ಲಿ ಮಲಗಿಬಿಟ್ಟರು. ಇವರು ವರ್ಗೀಸರ ಕೈ ಹಿಡಿದುಕೊಂಡು ಏನೋ ಹೇಳಲು ಹೋದರು. "ಹೋಗಿ ಹೋಗಿ, ಹೊತ್ತಾಯ್ತು. ಶುಂಠಿ ಮಣ್ಣೊಳಗೆ ಇನ್ನೊಂದು ದಿನ ಇದ್ರೆ ಎಂತ ಆಗ್ತದೆ?" ಎಂದು ಅವರೇ ನಮ್ಮನ್ನು ಅಟ್ಟಿದರು. ನಾನು ಬುಟ್ಟಿಯ ಹೂವನ್ನೆಲ್ಲ ಯಲ್ಲಮ್ಮನ ಮಡಿಲಿಗೆ ಸುರಿದೆ. "ಇಷ್ಟ್ಯಾಕ್ರೀ ಅಕ್ಕಾರ, ಅಮ್ಮಗ ಸ್ವಲ್ಪ ಇಟ್ಕೋರಿ" ಎಂದು ಅವಳು ಒಂದು ಹಿಡಿ ತಿರುಗಿ ಕೊಟ್ಟಳು. ಗುಡ್ಡದ ಮೇಲಿನವರು ನಮಗೆ ಸಿಕ್ಕಿದ್ದು ಅಲ್ಲಿಂದ ಅರ್ಧ ದಾರಿಯಲ್ಲಿ. ಅವರು ಓಡಿ ಇಳಿಯುತ್ತಿದ್ದರು, ನಾವು ಹತ್ತುತ್ತಿದ್ದೆವು. ಹೊತ್ತು ಮುಳುಗಲು ಇನ್ನೂ ಬೇಕಾದಷ್ಟಿತ್ತು.

ಮರುದಿನ ಪ್ರತಿಷ್ಠೆಯ ಸಂಕಲ್ಪದಲ್ಲಿ ಊರಿನ ಮನೆಗಳ ಹೆಸರೆಲ್ಲ ಹೇಳಿ ಮುಗಿಸಿದ ಭಟ್ಟರು ವರ್ಗೀಸ್ ಎಂದರು, ಯಲ್ಲಮ್ಮ ಎಂದರು. ಉಳಿದವರ ಹೆಸರು ಕೇಳಿಟ್ಟುಕೊಂಡಿರಲಿಲ್ಲ. "ಹೆಗಲು ಕೊಟ್ಟ ಇತರರು" ಎಂದು ಕನ್ನಡದಲ್ಲೇ ಹೇಳಿ ನೀರು ಬಿಟ್ಟರು. ಗೋತ್ರ ನಕ್ಷತ್ರ ಯಾರೂ ಕೇಳಲಿಲ್ಲ. ಮಂಗಳಾರತಿ ಆಗುವಾಗ ಯಲ್ಲಮ್ಮನ ಕಡೆಯವರೆಲ್ಲ ಕೆಳಗೆ ಶುಂಠಿ ಕೀಳುತ್ತಿದ್ದರು. ಪ್ರಸಾದ ತೆಗೆದುಕೊಂಡು ನಾವಿಬ್ಬರೂ ಸಂಜೆ ಇಳಿದು ಹೋದೆವು. ಆ ವಾರದಲ್ಲೇ ಅವರ ಕೆಲಸ ಮುಗಿದು ಎಲ್ಲ ಬೇರೆ ಹೊಲಕ್ಕೆ ಹೋದರು. ಈಗ ಎಲ್ಲಿದ್ದಾರೋ ತಿಳಿಯದು.

ಬಿದಿರು ಒತ್ತಿದ ಜಾಗದಲ್ಲಿ ನನ್ನ ಬಲ ಹೆಗಲು ನೀಲಿಗಟ್ಟಿತ್ತು. ನಾನು ಹೊತ್ತದ್ದು ಕಾಲು ಗಂಟೆಯೂ ಇಲ್ಲ, ಆದರೂ ಸೆರಗು ತಾಗಿದರೆ ನೋಯುತ್ತಿತ್ತು. ಇವರು ಎಣ್ಣೆ ಕಾಯಿಸಿ ತಂದರು, ಅಮ್ಮನನ್ನು ಹೊತ್ತ ಗುರುತು ಇರಲಿ ಎಂದು ನಾನು ಹಚ್ಚಿಸಿಕೊಳ್ಳಲಿಲ್ಲ. ದಿನಾ ಸ್ನಾನ ಮಾಡುವಾಗ ಅದನ್ನು ಮುಟ್ಟಿ ನೋಡುತ್ತಿದ್ದೆ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಹತ್ತನೆಯ ದಿನ ಎಷ್ಟು ಒತ್ತಿದರೂ ನೋವಿಲ್ಲ, ಕಲೆಯೂ ಇಲ್ಲ. ಒಳಗೆ ಇವರು ಕಾಫಿಗೆ ಕೂಗುತ್ತಿದ್ದರು. ನಾನು ಬಚ್ಚಲಲ್ಲೇ ಸ್ವಲ್ಪ ಹೊತ್ತು ಕೂತು ಅತ್ತು, ಮುಖ ತೊಳೆದುಕೊಂಡು ಹೊರಗೆ ಬಂದೆ.

ಶ್ರೀಮತಿ ಲಲಿತಾ, ಹಿರೇಕೊಡಿಗೆ